ಸ್ವಲ್ಪ ಸರ್ಕೊಳ್ಳಿ

“ಸ್ವಲ್ಪ ಸರ್ಕೊಳ್ಳಿ” ಎಂದಳು ಹೆಂಡತಿ.

ಅವನು ಆಗಲೇ ಮಂಚದ ಅಂಚಿನಲ್ಲಿದ್ದ. ಒಂದು ಮೊಣಕೈ ಗಾಳಿಯಲ್ಲಿತ್ತು. ಇನ್ನು ಸರಿದರೆ ನೆಲವೇ ಗತಿ. ಕಣ್ಣು ಬಿಟ್ಟ. ಕಿಟಕಿಗೆ ಬೆಳಕು ಬಂದಿತ್ತು. ಹೆಂಡತಿ ಆ ತುದಿಯಲ್ಲಿ ಗೋಡೆಗೆ ಅಂಟಿಕೊಂಡು, ಅವನಿಗೆ ಬೆನ್ನು ಹಾಕಿ ಮಲಗಿದ್ದಳು. ಇಬ್ಬರ ನಡುವೆ ಇನ್ನೊಬ್ಬರು ಕೈಕಾಲು ಚಾಚಿ ಮಲಗುವಷ್ಟು ಜಾಗ ಖಾಲಿ ಬಿದ್ದಿತ್ತು. ಹಾಸಿಗೆ ಅಲ್ಲಿ ಸ್ವಲ್ಪ ತಗ್ಗಿದಂತಿತ್ತು.

“ಇನ್ನೆಲ್ಲಿಗೆ ಸರಿಯೋದು?”

“ನಿಮಗೆ ಹೇಳಿದ್ದಲ್ಲ.”

“ಮತ್ತೆ?”

ಅವಳು ಈ ಕಡೆ ಹೊರಳಿದಳು. ಮುಖದ ಮೇಲೆ ನಿದ್ದೆ ಇನ್ನೂ ಇತ್ತು. ಅವನು ಅಷ್ಟು ದೂರದಲ್ಲಿರುವುದು ಸೋಜಿಗವೆಂಬಂತೆ ಹುಬ್ಬು ಏರಿಸಿದಳು. “ನಿಮಗೇ. ಇನ್ಯಾರಿಗೆ ಹೇಳ್ಲಿ?” ಎಂದು ಎದ್ದು ಬಚ್ಚಲಿಗೆ ಹೋದಳು.

ಆ ತಗ್ಗಿನ ಮೇಲೆ ಕೈಯಿಟ್ಟು ನೋಡಬೇಕೆನ್ನಿಸಿತು. ನೋಡಲಿಲ್ಲ. ನಾಲ್ಕಕ್ಷರ ಕಲಿತವನು ಬೆಳಗಾಗೆದ್ದು ಹಾಸಿಗೆ ತಡವುತ್ತ ಕೂರುವುದು ಅವನಿಗೆ ಹಿಡಿಸದ ಸಂಗತಿ.

ಅವನು ಇಂಗ್ಲಿಷ್ ಮಾತಾಡುವುದನ್ನು ಕಲಿಸುವ ಮೇಷ್ಟ್ರು. ಹೆಂಡತಿ ಕನ್ನಡಕದ ಅಂಗಡಿಯಲ್ಲಿದ್ದಳು. ಜನರ ಒಂದು ಕಣ್ಣಿಗೂ ಇನ್ನೊಂದು ಕಣ್ಣಿಗೂ ನಡುವೆ ಎಷ್ಟು ದೂರ ಎಂದು ಅಳೆಯುವುದು ಅವಳ ಕೆಲಸ. ಟೀ ಲೋಟ ಮುಂದಿಡುತ್ತ ಕೇಳಿದಳು:

“ಇವತ್ತು ಬಿಡ್ತಾರಲ್ವಾ ನಿಮ್ಮ ತಮ್ಮನ್ನ?”

“ನೋಡೋಣ.”

“ನೋಡೋದೇನು ಬಂತು, ಬಿಡ್ತಾರೆ. ನಿನ್ನೆ ಆಸ್ಪತ್ರೆಯವರು ನನಗೇ ಫೋನ್ ಮಾಡಿದ್ರು. ನಾನು ರಜ ಹಾಕಿದೀನಿ.”

ಅಂಗಡಿಗಳ ಬೋರ್ಡು ಬರೆಯುವುದು ತಮ್ಮನ ಕೆಲಸ. ಒಂದು ಔಷಧಿ ಅಂಗಡಿಯ ಹೆಸರನ್ನು ಅರ್ಧ ಬರೆದು, ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಒಳಗೆ ಕಂಬಿ ಹಾಕಿ ಜೋಡಿಸಿದ್ದರು. ಅವನು ಆಸ್ಪತ್ರೆಯಲ್ಲಿರುವಾಗಲೇ ಅವನ ಮಹಡಿ ಕೋಣೆಯನ್ನು ಮನೆಯೊಡೆಯ ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದ. ಮೆಟ್ಟಿಲು ಹತ್ತಲಾಗದವನಿಗೆ ಮಹಡಿ ಯಾಕೆ ಎಂಬುದು ಮನೆಯೊಡೆಯನ ನ್ಯಾಯ. ಹೆಂಡತಿ ಮಕ್ಕಳು ಎಂದು ತಮ್ಮನಿಗೆ ಯಾರೂ ಇರಲಿಲ್ಲ. ಹಾಗಾಗಿ ಅವನು ಅಣ್ಣನ ಮನೆಗೇ ಬರುವುದು ಎಂದು ಎಲ್ಲರೂ ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡಿದ್ದರು. ಅಣ್ಣ ಮಾತ್ರ ಬಾ ಎಂದಿರಲಿಲ್ಲ. ಬೇಡ ಎಂದೂ ಅಂದಿರಲಿಲ್ಲ.

“ಚಿಕ್ಕ ರೂಮಿನ ಕಪಾಟು ಆ ಕಡೆ ಸರಿಸಿದ್ರೆ ಒಂದು ಮಂಚ ಹಿಡಿಯತ್ತೆ” ಎಂದಳು.

“ಹಿಡಿಯಲ್ಲ.”

“ಅಳತೆ ನೋಡಿದ್ರಾ?”

“ಕಣ್ಣಳತೆ ಸಾಕು.”

“ನಿಮ್ಮ ಕಣ್ಣಿನ ಅಳತೆ ನನಗೆ ಗೊತ್ತಿಲ್ವಾ” ಎಂದು ನಕ್ಕಳು. ಅವನ ಕನ್ನಡಕಕ್ಕೆ ನಂಬರು ಹಾಕಿದವಳು ಅವಳೇ.

ಚಿಕ್ಕ ಕೋಣೆಯಲ್ಲಿ ಅವನ ಮೇಜು, ನಿಘಂಟುಗಳ ಕಪಾಟು, ಕಾಗದದ ರಾಶಿ. ಇಂಗ್ಲಿಷರು ದಿನಬಳಕೆಯಲ್ಲಿ ಆಡುವ ಕ್ರಿಯಾಪದಗಳ ಬಗ್ಗೆ ಅವನೊಂದು ಪುಸ್ತಕ ಬರೆಯುತ್ತಿದ್ದ. ಬರೆಯುತ್ತಿದ್ದಾನೆ ಎಂದು ಊರೆಲ್ಲ ತಿಳಿದು, ಮರೆತೂ ಆಗಿತ್ತು.

“ಪುಸ್ತಕ ಒಂದು ಹಂತಕ್ಕೆ ಬರ್ಲಿ ಅಂತ…”

“ಪುಸ್ತಕದ ಪಾಡಿಗೆ ಪುಸ್ತಕ ಇರತ್ತೆ. ಅವನೊಬ್ಬ ಮಲಗಿದ್ರೆ ಅದಕ್ಕೇನು ಉಸಿರು ಕಟ್ಟತ್ತಾ?”

ಕಟ್ಟುವುದು ತನಗೆ ಎಂದು ಹೇಳುವುದು ಹೇಗೆ? ಎಣ್ಣೆ ಬಣ್ಣದ ವಾಸನೆ, ನರಳಿಕೆ, ಬರೆಯುವಾಗ ಬೆನ್ನಿನ ಮೇಲೆ ಇನ್ನೊಬ್ಬರ ಕಣ್ಣು. ನೆನೆದರೇ ಭುಜ ಬಿಗಿಯುತ್ತಿತ್ತು.

“ಸಾಯಂಕಾಲ ಮಾತಾಡೋಣ.”

“ಸಾಯಂಕಾಲ ಅವನು ಬಂದಿರ್ತಾನೆ.”

ಅವನು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಉತ್ತರ ಕೊಡದೇ ಇರುವುದಕ್ಕೆ ಅದರಷ್ಟು ಅನುಕೂಲವಾದ ಕೆಲಸ ಇನ್ನೊಂದಿಲ್ಲ.

ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಸಿಕ್ಕಿತು. ಊರಾಚೆಯ ಆರೈಕೆ ಮನೆಯೊಂದರ ವಿಳಾಸ ಅವನಿಗೆ ಗೊತ್ತಿತ್ತು. ಮುದುಕರನ್ನೂ ಮುರಿದವರನ್ನೂ ಇಟ್ಟುಕೊಳ್ಳುತ್ತಾರೆ. ಫೋನಿನಲ್ಲಿ ವಿಚಾರಿಸಿದಾಗ ಹಾಸಿಗೆ ಖಾಲಿ ಇದೆ ಎಂದಿದ್ದರು. ಅದನ್ನು ತಮ್ಮನಿಗೆ ಯಾವ ಮಾತಿನಲ್ಲಿ ಹೇಳುವುದು ಎಂದು ಜೋಡಿಸಿಕೊಳ್ಳುತ್ತಿದ್ದಾಗ ಕಿವಿಯ ಹತ್ತಿರ ಯಾರೋ “ಸ್ವಲ್ಪ ಸರ್ಕೊಳ್ಳಪ್ಪ” ಎಂದರು.

ಕಿಟಕಿಯ ಹೊರಗೆ ನೋಡುತ್ತಲೇ ಸರಿದ. ಆ ಕಡೆ ಕೂತಿದ್ದವನೂ ಸರಿದ. ಜಾಗವಾಯಿತು. ಯಾರೂ ಕೂರಲಿಲ್ಲ.

ತಿರುಗಿ ನೋಡಿದರೆ ಎದುರಿಗೆ ಒಬ್ಬ ಮುದುಕ ಕಂಬ ಹಿಡಿದು ಜೋಲಿ ಹೊಡೆಯುತ್ತಿದ್ದ. ಕಂಕುಳಲ್ಲಿ ಚೀಲ.

“ಬನ್ನಿ, ಕೂತ್ಕೊಳ್ಳಿ” ಎಂದ ಇವನು.

ಮುದುಕ ಖಾಲಿ ಜಾಗವನ್ನು ನೋಡಿದ. ಇವನನ್ನು ನೋಡಿದ. ಮತ್ತೆ ಜಾಗವನ್ನು ನೋಡಿದ. “ಬೇಡ, ಬೇಡ. ಅವರು ಕೂತಿರ್ಲಿ” ಎಂದ.

“ಯಾರು?”

ಅಷ್ಟರಲ್ಲಿ ನಿಲ್ದಾಣ ಬಂತು. ಮುದುಕ ಚೀಲ ಸಂಭಾಳಿಸಿಕೊಳ್ಳುತ್ತ ಇಳಿದುಬಿಟ್ಟ. ಕಣ್ಣು ಮಂಜಾಗಿರಬೇಕು, ಪಾಪ. ಇವನು ಹಾಗೆ ಅಂದುಕೊಂಡ. ಆದರೂ ಇಳಿಯುವ ತನಕ ಆ ಕಡೆಗೆ ಮೊಣಕೈ ಚಾಚಲಿಲ್ಲ.

ಅವನ ತರಗತಿ ಟೈರು ಅಂಗಡಿಯೊಂದರ ಮಹಡಿಯಲ್ಲಿತ್ತು. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಎರಡೇ ಉದ್ದ ಬೆಂಚು. ಬರುವವರೆಲ್ಲ ದುಡಿಯುವ ಜನ. ಮುಂದಿನ ಬೆಂಚಿನಲ್ಲಿ ಒಬ್ಬ ನರ್ಸ್. ಹೊರದೇಶದ ವೃದ್ಧಾಶ್ರಮವೊಂದಕ್ಕೆ ಕೆಲಸಕ್ಕೆ ಹೋಗುವವಳು. ಪಕ್ಕದಲ್ಲಿ ಮನೆ ಕೊಡಿಸುವ ದಲ್ಲಾಳಿ. ಬಾಯಿ ಮುಚ್ಚಿ ಕೂರುವುದು ಅವನ ಜಾತಕದಲ್ಲೇ ಇರಲಿಲ್ಲ.

ನರ್ಸ್ ಅವತ್ತು ಸಪ್ಪೆ ಮುಖ ಹಾಕಿಕೊಂಡು ಬಂದಿದ್ದಳು.

“ಸರ್, ನಿನ್ನೆ ಆ ದೇಶದ ಮೇಡಂ ಒಬ್ರು ಫೋನಲ್ಲಿ ಸಂದರ್ಶನ ಮಾಡಿದ್ರು. ಹಾಸಿಗೇಲಿ ಕೆಳಗೆ ಜಾರಿರೋ ರೋಗಿಗೆ ಮೇಲೆ ಬನ್ನಿ ಅಂತ ಹೇಗೆ ಹೇಳ್ತೀಯ ಅಂತ ಕೇಳಿದ್ರು. ನಾನು ನೀವು ಹೇಳ್ಕೊಟ್ಟ ಹಾಗೆ, ದಯವಿಟ್ಟು ತಮ್ಮ ದೇಹವನ್ನು ಮೇಲಕ್ಕೆ ಸ್ಥಳಾಂತರಿಸಿ ಅನ್ನೋ ಥರ ಹೇಳಿದೆ.”

“ಸರಿಯಾಗೇ ಇದೆಯಲ್ಲ.”

“ಆ ಯಮ್ಮ ನಕ್ಕುಬಿಟ್ರು ಸರ್. ಇಲ್ಲಿ ನಾವು ಸ್ಕೂಚ್ ಅಂತೀವಮ್ಮ ಅಂದ್ರು. ಏನ್ ಸರ್ ಅದು ಸ್ಕೂಚ್? ಬೈಗುಳಾನಾ?”

ದಲ್ಲಾಳಿ ಆಗಲೇ ಎರಡು ಸಲ ಸ್ಕೂಚ್, ಸ್ಕೂಚ್ ಎಂದು ರುಚಿ ನೋಡಿದ. ನಾಯಿ ಅಟ್ಟುವ ಹಾಗಿದೆ ಎಂದ. ಎಲ್ಲರೂ ನಕ್ಕರು.

ಆ ಪದ ಅವನ ಪುಸ್ತಕದಲ್ಲಿತ್ತು. ಒಂದೇ ಸಾಲಿನಲ್ಲಿ.

“ಬೈಗುಳ ಅಲ್ಲ. ಸರ್ಕೊಳ್ಳೋದು” ಎಂದ. “ಆದ್ರೆ ಎದ್ದು ನಿಂತು ಹೋಗೋದಲ್ಲ. ಕೂತಲ್ಲೇ, ಮಲಗಿದಲ್ಲೇ, ಮೈ ಪೂರ್ತಿ ಎತ್ತದೆ ಒಂಚೂರು ಜರುಗೋದು.”

“ಎಷ್ಟು ಸರ್?” ಎಂದ ದಲ್ಲಾಳಿ. ಜಾಗದ ಮಾತು ಬಂದರೆ ಅವನಿಗೆ ಅಳತೆ ಬೇಕು.

“ಒಂಚೂರು. ಇನ್ನೊಬ್ಬರು ಹಿಡಿಸೋಷ್ಟು.”

“ಅದು ಅಪ್ಪಣೇನಾ, ಕೋರಿಕೇನಾ?” ನರ್ಸ್ ಕೇಳಿದಳು.

ಅವನು ಯೋಚಿಸಿದ. “ಎರಡೂ ಅಲ್ಲ. ಮೇಲಧಿಕಾರಿಗೆ ಹೇಳೋ ಹಾಗಿಲ್ಲ. ಅರ್ಜೀಲಿ ಬರೆಯೋ ಹಾಗಿಲ್ಲ. ಗುರುತಿಲ್ಲದವರಿಗೆ ಅಂದ್ರೆ ಮುಖ ಮುಖ ನೋಡ್ತಾರೆ. ಮನೆಯೋರು ಮನೆಯೋರಿಗೆ ಹೇಳೋ ಮಾತು. ಸೋಫಾದಲ್ಲಿ, ಕಾರಿನ ಹಿಂದಿನ ಸೀಟಲ್ಲಿ, ಮಗೂನ ಮಲಗಿಸೋವಾಗ. ನಿನ್ನ ಪಕ್ಕ ಕೂರ್ತೀನಿ ಅನ್ನೋ ಆಸೆ ಅದರೊಳಗೇ ಇರತ್ತೆ.”

“ತೊಲಗು ಅನ್ನೋ ಅರ್ಥ?”

“ಅದಕ್ಕೆ ಬೇರೆ ಮಾತುಗಳಿವೆ. ಬೇಕಾದಷ್ಟಿವೆ.”

ಇದ್ದವು. ಅವುಗಳಿಗೆ ಪುಸ್ತಕದಲ್ಲಿ ಒಂದಿಡೀ ಅಧ್ಯಾಯವನ್ನೇ ಮೀಸಲಿಟ್ಟಿದ್ದ.

“ನಮ್ಮ ಭಾಷೇಲಿ ಇನ್ನೂ ಸಲೀಸು ಸರ್” ಎಂದ ದಲ್ಲಾಳಿ. “ಒಪ್ಕೊಳ್ಳೋಕೂ ಸರಿ, ಜರುಗೋಕೂ ಸರಿ. ಒಪ್ಪಿಕೊಂಡೋನೇ ಪಕ್ಕಕ್ಕೆ ಹೋಗಬೇಕು. ಎಲ್ಲಾ ಮನೇಲೂ ನಡೆಯೋದು ಅದೇ ತಾನೆ?”

ನಗೆ ಎದ್ದಿತು. ನರ್ಸ್ ನಗಲಿಲ್ಲ. “ನೀವು ಯಾರಿಗೆ ಹೇಳ್ತೀರ ಸರ್, ಈ ಮಾತನ್ನ?” ಎಂದು ಕೇಳಿದಳು.

“ನಾನು ಪಾಠ ಹೇಳ್ತೀನಿ. ಬನ್ನಿ, ಮಾಡಿ ತೋರಿಸಿ. ನೀವು ಆಚೆಯಿಂದ ಬರ್ತೀರ. ಬೆಂಚು ತುಂಬಿದೆ. ಏನಂತೀರ?”

ಅವಳು ಎದ್ದು ಬಾಗಿಲ ತನಕ ಹೋದಳು. ಹಿಂದಿನ ಬೆಂಚಿನವರು ಬಂದು ಅವಳ ಜಾಗ ತುಂಬಿದರು. ಅವಳು ಹತ್ತಿರ ಬಂದು, ನಾಚಿಕೊಂಡು, “ಸ್ಕೂಚ್” ಎಂದಳು. ಎಲ್ಲರೂ ಬುಡ ಎತ್ತದೆ ಅತ್ತಿತ್ತ ಜರುಗಿದರು. ಬೆಂಚು ಕಿರ್ರೆಂದಿತು. ನಡುವೆ ಒಬ್ಬರು ಕೂರುವಷ್ಟು ಜಾಗ ತೆರೆದುಕೊಂಡಿತು.

ಅವಳು ಕೂರಲಿಲ್ಲ.

“ಕೂತ್ಕೊಳ್ಳಿ” ಎಂದ.

“ಎಲ್ಲಿ ಸರ್?”

“ಅಲ್ಲೇ. ಜಾಗ ಆಯ್ತಲ್ಲ.”

ಅವಳು ಬೆಂಚನ್ನು ನೋಡಿದಳು. “ಪರವಾಗಿಲ್ಲ ಸರ್, ಅರ್ಥ ಆಯ್ತು” ಎಂದು ಹಿಂದಿನ ಬೆಂಚಿಗೆ ಹೋಗಿ ಒಬ್ಬಳೇ ಕೂತಳು.

ಪಾಠ ಮುಂದುವರಿಯಿತು. ಆ ಜಾಗ ಹಾಗೇ ಇತ್ತು. ಇಕ್ಕೆಲದವರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರೇ ಹೊರತು ಅದರೊಳಕ್ಕೆ ಹರಡಿಕೊಳ್ಳಲಿಲ್ಲ. ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಗೋಡೆ ಬದಿಯಲ್ಲಿದ್ದ ದಲ್ಲಾಳಿ ಕೊನೆಗೆ ಎದ್ದ. ಬೆಂಚಿನ ಮುಂದೆ ಹಾದು ಬರುವಾಗ ಆ ಖಾಲಿ ಜಾಗದ ಎದುರು, ಕೂತವರ ಮೊಣಕಾಲು ತಪ್ಪಿಸುವವನಂತೆ ಮೈ ಹಿಡಿ ಮಾಡಿಕೊಂಡು, ಅಡ್ಡಡ್ಡ ದಾಟಿದ. ದಾಟುವಾಗ ತಲೆಬಾಗಿ ಸಣ್ಣಗೆ ನಕ್ಕ. ಮೇಷ್ಟ್ರನ್ನು ನೋಡಿ ಅವನು ಅಂಥ ನಗೆ ಯಾವತ್ತೂ ನಕ್ಕಿರಲಿಲ್ಲ.

ಮೆಟ್ಟಿಲಿಳಿಯುವಾಗ ಹೆಂಡತಿಯ ಫೋನ್ ಬಂತು.

“ಮಂಚ ಆರಾಮಾಗಿ ಹಿಡೀತು ನೋಡಿ. ನಾನು ಹೇಳಿರ್ಲಿಲ್ವಾ?”

“ಕಪಾಟು?”

“ಸರಿಸಿದ್ವಲ್ಲ.”

“ಯಾರು? ಅಷ್ಟು ಭಾರದ್ದು ನೀನೊಬ್ಬಳೇ…”

“ಒಬ್ಬಳೇ ಹೇಗಾಗತ್ತೆ? ಆ ಕಡೆ ನೀವು ಹಿಡ್ಕೊಂಡಿದ್ರಲ್ಲ.”

ಅವನು ಮೆಟ್ಟಿಲಿನ ಮೇಲೇ ನಿಂತ. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು.

“ನಾನಾ?”

“ಮೇಜನ್ನೂ ನೀವೇ ಎತ್ತಿ ಆಚೆ ಇಟ್ರಿ. ಪುಸ್ತಕ ಎಲ್ಲಿಗೆ ಹೋಗತ್ತೆ, ಆಮೇಲೆ ಬರೆದ್ರಾಯ್ತು ಅಂದ್ರಿ.” ಅವಳ ದನಿ ಮೆತ್ತಗಾಯಿತು. “ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ನಿಮ್ಮನ್ನ ನಾನು ಸುಮ್ಮನೆ ಏನೇನೋ ಅಂದ್ಕೊಂಡಿದ್ದೆ.”

ಚುಚ್ಚುಮಾತೇ? ಅವಳಿಗೆ ಹಾಗೆ ಕುಟುಕುವ ಅಭ್ಯಾಸ ಉಂಟು. ಆದರೆ ಕುಟುಕುವಾಗ ಅವಳ ದನಿ ಹೀಗಿರುವುದಿಲ್ಲ. ಈ ದನಿಯನ್ನು ಅವನು ಮದುವೆಯಾದ ಹೊಸತರಲ್ಲಿ ಕೇಳಿದ್ದ. ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಬೇಕಿತ್ತು. ಹೇಗೆ ಕೇಳುವುದು? ನನ್ನ ಹಾಗೆ ಇರುವವರು ಯಾರಾದರೂ ಇದ್ದಾರಾ ಎಂದೇ?

“ಸರಿ” ಎಂದ.

“ಬೇಗ ಕರ್ಕೊಂಡು ಬನ್ನಿ.”

ಸಿಟ್ಟು ಬರಬೇಕಿತ್ತು. ಹೆದರಿಕೆಯಾದರೂ ಆಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ತಾನು ಮಾಡದ ಕೆಲಸಕ್ಕೆ ಸಂದ ಆ ಮೆತ್ತನೆಯ ದನಿ ಅವನ ಕಿವಿಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಆಸ್ಪತ್ರೆಯಲ್ಲಿ ತಮ್ಮನನ್ನು ಆಗಲೇ ಕೆಳಗಿನ ಹಜಾರಕ್ಕೆ ಇಳಿಸಿದ್ದರು. ಮನೆಗೆ ಹೋಗುವವರು ಅಲ್ಲಿ ಕಾಯಬೇಕು. ರಸ್ತೆಯ ಕಡೆಗೆ ಇಡೀ ಗಾಜಿನ ಗೋಡೆ. ಎದುರಿಗೆ ಒಂದು ಉದ್ದನೆಯ ಮರದ ಬೆಂಚು. ತಮ್ಮ ಅದರ ನಡುವೆ ಕೂತಿದ್ದ. ಮೊಣಕಾಲ ನಡುವೆ ಊರುಗೋಲು, ಪಕ್ಕದಲ್ಲಿ ಬಟ್ಟೆಯ ಗಂಟು. ಇಷ್ಟು ದಿನ ಮಲಗಿದ್ದರೂ ಉಗುರಿನ ಸಂದಿಯ ನೀಲಿ ಬಣ್ಣ ಹೋಗಿರಲಿಲ್ಲ.

“ಬಂದ್ಯಾ ಅಣ್ಣ” ಎಂದು ಗಂಟನ್ನು ಕೆಳಗಿಟ್ಟು ಜಾಗ ಮಾಡಿದ. “ಕೂತ್ಕೋ.”

“ಪರವಾಗಿಲ್ಲ. ಬಸ್ಸಲ್ಲಿ ಕೂತೇ ಬಂದೆ.”

“ಕೂತ್ಕೋ ಅಂದ್ರೆ.”

“ನೋವು ಹೇಗಿದೆ?”

“ಇದೆ. ಅದರ ಪಾಡಿಗೆ ಅದು.” ತಮ್ಮ ನಕ್ಕ. ಮುಖ ಇಳಿದುಹೋಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. “ಆ ಔಷಧಿ ಅಂಗಡಿಯೋನು ಬಂದಿದ್ದ. ಅರ್ಧ ಬೋರ್ಡೇ ಚೆನ್ನಾಗಿದೆ, ಹಾಗೇ ಬಿಡ್ತೀನಿ ಅಂದ. ಜನ ನಿಂತು ಓದ್ತಾರಂತೆ.”

ಇವನಿಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ನೆನಪಿಸಿಕೊಂಡ. ಒಳ್ಳೆಯ ಆರೈಕೆ. ಗಾಳಿ ಬೆಳಕು. ಆಗಾಗ ಬಂದು ನೋಡುತ್ತೇವೆ.

“ನಾನೊಂದು ಮಾತು ಹೇಳಬೇಕಿತ್ತು.”

“ಹೇಳಿದ್ಯಲ್ಲ.”

“ಯಾವಾಗ?”

“ಮೊನ್ನೆ. ವಾರ್ಡಲ್ಲಿ.” ತಮ್ಮ ಅವನನ್ನು ತಮಾಷೆಯೆಂಬಂತೆ ನೋಡಿದ. “ನೀನು ನನ್ನ ಮಂಚದ ಮೇಲೇ ಕೂತಿದ್ದೆ. ಸ್ವಲ್ಪ ಸರ್ಕೋ ಅಂದೆ, ನಾನು ಸರಿದೆ. ಮನೇಲಿ ಜಾಗ ಇದೆ, ಸುಮ್ಮನೆ ಬಾ ಅಂದೆ ನೀನು. ಅತ್ತುಬಿಟ್ಟೆ ನಾನು, ಮಾನ ಕಳ್ಕೊಂಡು. ಆಯಾ ಎಲ್ಲ ನೋಡ್ತಿದ್ಲು.”

ಆ ದಿನಗಳಲ್ಲಿ ಅವನು ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ತರಗತಿ ಇದೆ ಎಂದು ಹೆಂಡತಿಯನ್ನು ಕಳಿಸಿದ್ದ.

“ಚಿಕ್ಕೋರಾಗಿದ್ದಾಗಲೂ ನೀನು ಹಾಗೇ” ಎಂದ ತಮ್ಮ, ದನಿ ತಗ್ಗಿಸಿ. “ಅಪ್ಪನ ಕೈಲಿ ಏಟು ತಿಂದ ದಿನ ನಾನು ನಿನ್ನ ಹಾಸಿಗೆ ಹತ್ರ ಬಂದು ನಿಲ್ತಿದ್ದೆ. ಯಾಕೆ ಏನು ಅಂತ ಕೇಳ್ತಿರ್ಲಿಲ್ಲ ನೀನು. ಸರೀತಿದ್ದೆ, ಅಷ್ಟೆ. ಬೆಚ್ಚಗಿರ್ತಿತ್ತು.”

ಅಂಥ ಹಾಸಿಗೆಯೊಂದು ಅವನಿಗೆ ನೆನಪಾಗಲಿಲ್ಲ. ಅಪ್ಪ ನೆನಪಾದ. ಬೆಲ್ಟು ನೆನಪಾಯಿತು. ಕಂಬಳಿಯ ನೂಲು ಮೂಗಿಗೆ ಚುಚ್ಚುತ್ತಿದ್ದುದೂ ನೆನಪಾಯಿತು. ಪಕ್ಕದಲ್ಲಿ ಇನ್ನೊಂದು ಮೈ ಇದ್ದದ್ದು ಮಾತ್ರ ಎಷ್ಟು ಕೆದಕಿದರೂ ಸಿಗಲಿಲ್ಲ.

ಅದು ನಾನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ, ಮತ್ತೆ ಯಾರು ಎಂದು ತಮ್ಮ ಕೇಳುತ್ತಿದ್ದ. ಹಜಾರದಲ್ಲಿ ಡೆಟಾಲಿನ ವಾಸನೆ ಗಾಢವಾಗಿತ್ತು.

“ಆಟೋ ತರ್ತೀನಿ” ಎಂದ. “ಇಲ್ಲೇ ಇರು.”

“ಬೇಗ ಬಾ. ಜನ ಜಾಸ್ತಿಯಾಗ್ತಿದ್ದಾರೆ, ನಿನ್ನ ಜಾಗ ಹಿಡಿದಿಟ್ಟಿರ್ತೀನಿ.” ತಮ್ಮ ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಊರಿದ.

ಹೊರಗೆ ಆಟೋ ಕರೆಯುವ ಮೊದಲೇ ಒಂದು ಬಂದು ನಿಂತಿತು.

“ಎಲ್ಲಿಗೆ ಸರ್?” ಎಂದ ಆಟೋದವನು.

ಅವನ ಬಾಯಲ್ಲಿ ಎರಡು ವಿಳಾಸಗಳಿದ್ದವು. ಒಂದು ಮನೆಯದು, ಒಂದು ಆರೈಕೆ ಮನೆಯದು. ಎರಡೂ ಒಟ್ಟಿಗೆ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡಂತಾಯಿತು.

“ಎಷ್ಟು ಜನ?”

“ಇಬ್ಬರು” ಎಂದ. “ಇರಿ, ನೋಡ್ತೀನಿ.”

ಗಾಜಿನ ಗೋಡೆಯ ತನಕ ಬಂದು ನಿಂತ. ಒಳಗಿನ ಸದ್ದು ಇಲ್ಲಿಗೆ ಕೇಳಿಸುತ್ತಿರಲಿಲ್ಲ. ನೋಡಲು ಬರುವವರ ಹೊತ್ತಾಗಿತ್ತು; ಬಾಗಿಲಿನಿಂದ ಜನ ಒಳಬರುತ್ತಿದ್ದರು. ಬಂದವರು ಬೆಂಚಿನ ಹತ್ತಿರ ನಿಂತು ತುಟಿ ಅಲ್ಲಾಡಿಸುತ್ತಿದ್ದರು. ಕೂತವರು ಸರಿಯುತ್ತಿದ್ದರು. ತಮ್ಮನೂ ಸರಿಯುತ್ತಿದ್ದ. ಮೊದಲು ಅಂಗೈ ಎತ್ತಿ ಮುಂದಿಟ್ಟು, ಆಮೇಲೆ ಊರುಗೋಲಿನ ಮೇಲೆ ಭಾರ ಹಾಕಿ, ಹಲ್ಲು ಕಚ್ಚಿ ಮೈ ಎಳೆದುಕೊಳ್ಳುತ್ತಿದ್ದ. ಅವನ ಜೊತೆಗೆ ಆ ಖಾಲಿ ಜಾಗವೂ ಸರಿಯುತ್ತಿತ್ತು. ಫ್ಲಾಸ್ಕು ಹಿಡಿದ ದಪ್ಪ ಹೆಂಗಸೊಬ್ಬಳು ಅದರಲ್ಲಿ ಕೂರಲು ಹೋದಳು. ತಮ್ಮ ಏನೋ ಹೇಳಿದ. ಅವಳು ತಲೆಯಾಡಿಸಿ, ಜಾಗದ ಆ ಬದಿಯಲ್ಲಿ ಇಕ್ಕಟ್ಟಾಗಿ ಕೂತಳು.

ಹೋಗಬೇಕು, ಹೋಗಿ ಕೂರಬೇಕು, ಅಷ್ಟೇ. ಬಾಗಿಲು ಹತ್ತಿರದಲ್ಲೇ ಇತ್ತು. ಅವನು ಕಾಲಿಗೆ ಹೇಳಿದ. ಕಾಲು ಬೇರೆ ಯಾರದೋ ಮಾತು ಕೇಳುತ್ತಿರುವಂತೆ ನಿಂತಿತ್ತು.

ಜನ ಬರುತ್ತಲೇ ಇದ್ದರು. ತಮ್ಮ ಬೆಂಚಿನ ತುದಿಗೆ ಬಂದ. ಇನ್ನೂ ಸರಿದ. ಮುರಿದ ಸೊಂಟದ ಅರ್ಧ ಈಗ ಬೆಂಚಿನ ಹೊರಗಿತ್ತು. ಊರುಗೋಲು ನೆಲದಲ್ಲಿ ನಡುಗುತ್ತಿತ್ತು. ಆ ಪಕ್ಕದಲ್ಲಿ ಅಷ್ಟೂ ಜನ ಒಬ್ಬರ ಮೇಲೊಬ್ಬರು ಒತ್ತಿಕೊಂಡಿದ್ದರು. ನಡುವಿನ ಜಾಗ ಮಾತ್ರ ಇನಿತೂ ಕಿರಿದಾಗದೆ ಹಾಗೇ ಇತ್ತು.

ಆಮೇಲೆ ತಮ್ಮ ಆ ಜಾಗದಿಂದ ಅಂಗೈ ತೆಗೆದ.

ಮುಖ ತಿರುಗಿಸಿ ಆ ಜಾಗದ ಕಡೆ ನೋಡಿದ. ಏನೋ ಕೇಳಿದ. ಕೇಳಿಸಿಕೊಂಡ. ಅವನ ಮುಖದ ಬಿಗುವೆಲ್ಲ ಸಡಿಲಗೊಂಡು, ಬಾಯಿ ತುಂಬ ನಕ್ಕ. ಚಿಕ್ಕಂದಿನಲ್ಲಿ ಅವನು ಹಾಗೆ ನಗುತ್ತಿದ್ದ. ಅದು ಇವನಿಗೆ ನೆನಪಿತ್ತು. ನಕ್ಕು ಸುಸ್ತಾದವನಂತೆ ಕಣ್ಣು ಮುಚ್ಚಿಕೊಂಡ. ನಿಧಾನವಾಗಿ ತಲೆಯನ್ನು ಪಕ್ಕಕ್ಕೆ ವಾಲಿಸಿದ.

ಬೀಳುತ್ತಾನೆಂದು ಇವನು ಗಾಜಿಗೆ ಕೈ ಒತ್ತಿದ.

ತಲೆ ಬೀಳಲಿಲ್ಲ. ಒಂದು ಭುಜ ಎಲ್ಲಿರಬೇಕೋ ಅಲ್ಲಿ, ಗಾಳಿಯಲ್ಲಿ, ಕೆನ್ನೆ ಒತ್ತಿಕೊಂಡು ನಿಂತಿತು. ಅದರ ಭಾರಕ್ಕೆ ಕೆನ್ನೆಯ ಚರ್ಮ ಸ್ವಲ್ಪ ಮಡಿಚಿತ್ತು ಕೂಡ. ಬೆಂಚಿನ ಮೇಲೆ ಯಾರೂ ತಿರುಗಿ ನೋಡಲಿಲ್ಲ. ದಪ್ಪ ಹೆಂಗಸು ಮಾತ್ರ, ಮಲಗಿದವನಿಗೆ ತೊಂದರೆಯಾಗದಿರಲೆಂದು, ಫ್ಲಾಸ್ಕನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಸರ್, ಹೊರಡೋದಾ?” ಹಿಂದಿನಿಂದ ಆಟೋದವನು ಕೂಗಿದ.

ಅವನು ಕೈಯೆತ್ತಿ ತನ್ನ ಭುಜವನ್ನು ಮುಟ್ಟಿ ನೋಡಿಕೊಂಡ. ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು. ಎರಡೂ ತಣ್ಣಗಿದ್ದವು.